ಕಾಕ್ಸ್ ಟೌನಿನ ಆರು ಸೊನಾಟಾಗಳು

ಬೆಂಗಳೂರಿಗೆ ಬಂದ ಮೊದಲ ವಾರವೇ ನನ್ನ ಎಡಗೈಗೆ ಪೆನ್ಸಿಲಿನ ಏಟು ಬಿತ್ತು. ಮೂವತ್ತೆರಡು ವರ್ಷದವಳಿಗೆ!

"ಯಾಕಮ್ಮಾ ಗಾಳಿ ಹಾಕ್ತಾ ಇದ್ದೀಯಾ? ಪಿಯಾನೋಗೆ ಸೆಖೆಯಾ?" ಎಂದರು ಗ್ರೇಸ್ ಆಂಟಿ.

ಗದಗಿನಲ್ಲಿ ಅಪ್ಪನ ಹಾಡಿಕೆಗೆ ಇಪ್ಪತ್ತು ವರ್ಷ ಹಾರ್ಮೋನಿಯಂ ಸಾಥ್ ಕೊಟ್ಟವಳು ನಾನು. ಅಲ್ಲಿ ಬಲಗೈ ನುಡಿಸುತ್ತದೆ, ಎಡಗೈ ತಿದಿ ಒತ್ತುತ್ತದೆ. ಪಿಯಾನೋಕ್ಕೆ ತಿದಿಯೇ ಇಲ್ಲ. ನನ್ನ ಎಡಗೈ ಪಾಪ, ಬರೀ ಗಾಳಿಯಲ್ಲಿ ಬಡಿದುಕೊಳ್ಳುತ್ತಿತ್ತು.

ಕಲ್ಯಾಣ ನಗರದ ಶಾಲೆಯೊಂದು ನನ್ನನ್ನು ಸಂಗೀತದ ಟೀಚರ್ ಆಗಿ ತೆಗೆದುಕೊಂಡಿತ್ತು. ವರ್ಷದೊಳಗೆ ಪಿಯಾನೋ ಪರೀಕ್ಷೆ ಪಾಸಾದರೆ ಕೆಲಸ ಕಾಯಂ, ಇಲ್ಲದಿದ್ದರೆ ಊರಿನ ಬಸ್ಸು. ಅದಕ್ಕೇ ಕಾಕ್ಸ್ ಟೌನಿನಲ್ಲಿ ಪಿಯಾನೋ ಕಲಿಸುವ ಈ ಆಂಟಿಯ ಮನೆಯ ಹಿಂದಿನ ಕೋಣೆಗೆ ಬಾಡಿಗೆಗೆ ಬಂದೆ. ಕಿಟಕಿ ತೆರೆದರೆ ಮೊಳ ದೂರದಲ್ಲಿ ಹೊಸ ಫ್ಲ್ಯಾಟುಗಳ ಗೋಡೆ. ರಸ್ತೆಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷು. ಡಬ್ಬಿಯಲ್ಲಿದ್ದ ಖಡಕ್ ರೊಟ್ಟಿ ಮುಗಿದ ಮೇಲೆ ಬೇಕರಿಯ ಬನ್ನೇ ಗತಿ.

ಪರೀಕ್ಷೆಗೆ ಒಂದೇ ಸೊನಾಟಾ ಸಾಕಿತ್ತು. ಆಂಟಿ ಆರನ್ನೂ ಕಲಿಯಬೇಕೆಂದು ಹಟ ಹಿಡಿದರು. ಇನ್ನೂರು ವರ್ಷಕ್ಕೂ ಹಿಂದೆ ಯುರೋಪಿನಲ್ಲಿ, ಪಿಯಾನೋ ಒಂದಕ್ಕೇ ಎಂದು ಬರೆದ ಆರು ಕೃತಿಗಳ ಕಟ್ಟು ಅದು. ಪುಸ್ತಕದಲ್ಲಿ ಸ್ವರಗಳ ನಡುವಿನ ಗೆರೆಯ ಪಕ್ಕ ಎರಡು ಚುಕ್ಕಿ ಇದ್ದರೆ ಆ ಭಾಗವನ್ನು ಇನ್ನೊಮ್ಮೆ ನುಡಿಸಬೇಕು. ನಾನು ಸಿಕ್ಕಿಬಿದ್ದದ್ದೇ ಅಲ್ಲಿ.

ನಮ್ಮಲ್ಲಿ ಒಂದು ಸಾಲನ್ನು ಎರಡನೆಯ ಸಲವೂ ಹಾಗೇ ನುಡಿಸಿದರೆ, "ಯಾಕವಾ, ಸರಕು ಖಾಲಿ ಆತೇನು?" ಎಂದು ಅಪ್ಪ ಛೇಡಿಸುತ್ತಿದ್ದರು. ಇಲ್ಲಿ ಒಂದು ಸ್ವರ ಬೇರೆಯಾದರೂ ಆಂಟಿ ಕೂಗುತ್ತಿದ್ದರು.

"ಚುಮ್ಮಾ ಬಾರ್ಸಮ್ಮಾ! ಬರ್ದಿರೋದನ್ನ ಬಾರ್ಸು!"

ಚುಮ್ಮಾ ಅಂದರೆ ತಮಿಳಿನಲ್ಲಿ ಸುಮ್ಮನೆ. ಹಾಗೆ ಸುಮ್ಮನೆ ನುಡಿಸುವುದೇ ನನಗೆ ಬರಲೊಲ್ಲದು.

ಮೊದಲ ಪರೀಕ್ಷೆಯಲ್ಲಿ ಆ ಚುಕ್ಕಿಗಳು ಬಂದದ್ದೇ ತಡ, ಬಲಗೈ ತಾನಾಗಿಯೇ ಒಂದು ಮುರ್ಕಿ, ಸ್ವರಗಳ ಪುಟ್ಟದೊಂದು ತಿರುವು, ಸೇರಿಸಿಬಿಟ್ಟಿತು. ಅಲ್ಲಿಂದ ಮುಂದೆ ಎಲ್ಲಿದ್ದೇನೆಂದೇ ತಿಳಿಯಲಿಲ್ಲ. ಫೇಲ್. ಇನ್ನೊಂದೇ ಅವಕಾಶ ಎಂದಿತು ಶಾಲೆ.

ಮನೆಗೆ ಬಂದು ಪುಸ್ತಕ ಬಿಸಾಡಿದೆ. "ಸಾಕ್ರೀ ಆಂಟಿ, ನಾ ಊರಿಗೆ ಹೋಗ್ತೀನಿ."

"ಹೋಗಮ್ಮಾ. ಹೋಗಿ ಏನ್ ಮಾಡ್ತೀಯಾ?"

ಅಪ್ಪನನ್ನು ಹಾಡಲು ಕರೆಯುವವರು ಕಡಿಮೆಯಾಗಿ ಎಷ್ಟೋ ಕಾಲವಾಗಿತ್ತು. ಪುಸ್ತಕವನ್ನು ನಾನೇ ಎತ್ತಿಕೊಂಡೆ.

ಆಮೇಲೆ ಐದು ತಿಂಗಳು ಆ ಆರರೊಳಗೇ ಸುತ್ತಿದೆ. ಆರನೆಯದು ಮುಗಿದರೆ ಮತ್ತೆ ಒಂದನೆಯದು. ಬೆರಳು ಅತ್ತಿತ್ತ ಹೊರಟಾಗಲೆಲ್ಲ ಗದರಿಸಿ ಕೂರಿಸಿದೆ.

ಮೊನ್ನೆ ಪಾಸಾದೆ. ಕಾಯಂ ಆದ ಪತ್ರವೂ ಕೈಗೆ ಬಂತು. ಆಂಟಿ ಕೇಕ್ ತಿನ್ನಿಸಿ, ಕೆನ್ನೆ ಹಿಂಡಿ, "ನೀನೀಗ ನಮ್ ಕಾಕ್ಸ್ ಟೌನ್ ಹುಡ್ಗಿ" ಎಂದರು. ಸುಳ್ಳೇಕೆ ಹೇಳಲಿ, ಹಿಗ್ಗಿ ಹೋದೆ.

ತಡೆಯಲಾಗದೆ ಊರಿಗೆ ಫೋನ್ ಹಚ್ಚಿ ಪಿಯಾನೋದ ಮೇಲಿಟ್ಟೆ. "ಅಪ್ಪಾ, ಇಲ್ಲೊಂದು ಕೇಳ್ರಿ" ಎಂದು ಪರೀಕ್ಷೆಯ ಸೊನಾಟಾದ ನಿಧಾನದ ಭಾಗವನ್ನು ಪೂರ್ತಿ ನುಡಿಸಿದೆ. ಒಂದು ಸ್ವರವೂ ತಪ್ಪಲಿಲ್ಲ.

ಅಪ್ಪ ಕೊನೆಯವರೆಗೂ ಕೇಳಿದರು.

"ಭಾಳ ಛಲೋ ನುಡಸ್ತಾರ ಬಿಡು ನಿಮ್ಮ ಆಂಟಿ" ಎಂದರು. "ಈಗ ನೀ ಒಂದೀಟು ನುಡಸವಾ, ಕೇಳತೇನಿ."