ಕುಲುಕದ ಜೆಲ್ಲಿ

ಬೇಕರಿಯ ಹಿಂದಿನ ಅಡುಗೆಕೋಣೆಯಲ್ಲಿ ಜೆಲ್ಲಿ ಮಾಡುತ್ತ ಮಾಡುತ್ತಲೇ ಅವಳ ತಲೆ ನರೆತಿತ್ತು. ಬೀದಿಗೆಲ್ಲ ಅವಳು ಕುಲುಕಮ್ಮ. ತಟ್ಟೆ ಮುಟ್ಟಿದರೆ ಸಾಕು, ಅವಳ ಜೆಲ್ಲಿ ಮೈಯೆಲ್ಲ ಕುಲುಕುತ್ತಿತ್ತು. ಬಾಯಿಗಿಟ್ಟರೆ ನಾಲಿಗೆಯ ಮೇಲೇ ನೀರಾಗುತ್ತಿತ್ತು. ಅದರ ಜಂಬವೂ ಅವಳಿಗೆ ಇತ್ತು, ಯಾಕಿರಬಾರದು? ಮನೆಯಲ್ಲಿ ಯಾರಾದರೂ ಫ್ರಿಜ್ ತೆರೆದು ಯೋಚಿಸುತ್ತ ನಿಂತರೆ ಮಾತ್ರ ಸೂರು ಹಾರಿಹೋಗುವಂತೆ ಕೂಗುತ್ತಿದ್ದಳು: "ಬಾಗಿಲು ಹಾಕ್ರೋ, ಜೆಲ್ಲಿ ಕರಗುತ್ತೆ!"

ಸೊಸೆ ಬಂದಳು. ಚಿನ್ನದಂಥ ಹುಡುಗಿ, ಆದರೆ ಬಂದು ವರ್ಷವಾದರೂ ನೆಂಟರ ಹಾಗೇ ಇದ್ದಳು. ಒಂದು ಲೋಟ ತಣ್ಣೀರಿಗೂ ಫ್ರಿಜ್ ಮುಂದೆ ನಿಂತು "ತಗೊಳ್ಳಲಾ ಅತ್ತೆ?" ಎಂದು ಕೇಳುವಳು. ಅತ್ತೆ ಕೊಟ್ಟ ಜೆಲ್ಲಿಯನ್ನು ಮಾತ್ರ ಮೆಲ್ಲಗೆ ಗಂಡನ ತಟ್ಟೆಗೆ ಜಾರಿಸುವಳು. ಕುಲುಕಮ್ಮನಿಗೆ ಒಳಗೊಳಗೇ ಸಂಕಟ. ಈ ಮನೆ, ಈ ಕೈ ಹುಡುಗಿಗೆ ಒಗ್ಗುವುದೇ ಇಲ್ಲವೇ? ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟಳು.

"ನನ್ನ ಕೈರುಚಿ ಹಿಡಿಸಲ್ವಾ ನಿಂಗೆ?"

ಸೊಸೆಯ ಕಣ್ಣು ತುಂಬಿತು. "ಹಾಗಲ್ಲ ಅತ್ತೆ. ನಾನು ಮಾಂಸ ತಿನ್ನಲ್ವಲ್ಲ... ಜೆಲ್ಲಿ ಗಟ್ಟಿಯಾಗೋಕೆ ನೀವು ಹಾಕೋ ಜೆಲಟಿನ್ ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ್ದು. ನಿಮಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ."

"ಮೂಳೇನಾ? ಇಷ್ಟು ವರ್ಷ ಸೋಸಿದ್ದೀನಿ, ಒಂದು ಚೂರೂ ಸಿಕ್ಕಿಲ್ವಲ್ಲೇ!"

ಇಬ್ಬರೂ ನಕ್ಕರು. ಆದರೆ ಕುಲುಕಮ್ಮ ಸುಮ್ಮನಾಗುವ ಪೈಕಿಯಲ್ಲ. ಬೇಕರಿ ಯಜಮಾನನನ್ನು ಕಾಡಿಬೇಡಿ ಅಗರ್ ಪುಡಿ ತರಿಸಿದಳು. ಅದೂ ಜೆಲ್ಲಿ ಗಟ್ಟಿಮಾಡುವಂಥದ್ದೇ, ಆದರೆ ಕಡಲಪಾಚಿಯಿಂದ ತೆಗೆದದ್ದು. ಪೊಟ್ಟಣದ ಮೇಲೆ ಬರೆದದ್ದನ್ನು ಓದುವ ಗೋಜಿಗೆ ಹೋಗಲಿಲ್ಲ. ಜೆಲ್ಲಿ ಮಾಡುವುದನ್ನು ಅವಳಿಗೆ ಪೊಟ್ಟಣ ಹೇಳಿಕೊಡಬೇಕೇ? ಕುದಿಸಿದರೆ ಜೆಲಟಿನ್ ಕಸುವು ಕಳೆದುಕೊಳ್ಳುತ್ತದೆ ಎಂದು ಕಲಿತ ಕೈ ಅದು. ನೆನೆಸಿದಳು, ಬೆಚ್ಚಗೆ ಮಾಡಿದಳು, ಫ್ರಿಜ್‌ಗೆ ಇಟ್ಟಳು. ಬೆಳಿಗ್ಗೆ ನೋಡಿದರೆ ಮೇಲೆಲ್ಲ ಶರಬತ್ತು, ತಳದಲ್ಲಿ ಮರಳು. "ಸ್ಟ್ರಾ ಕೊಡಮ್ಮ" ಎಂದು ಮಗ ಬೈಸಿಕೊಂಡ.

ಸೊಸೆ ಪೊಟ್ಟಣ ಓದಿದಳು. "ಇದನ್ನ ಚೆನ್ನಾಗಿ ಕುದಿಸಬೇಕಂತೆ ಅತ್ತೆ."

ಕುಲುಕಮ್ಮ ಮನಸ್ಸು ಕಲ್ಲು ಮಾಡಿಕೊಂಡು ಕುದಿಸಿದಳು. ಪಕ್ಕದ ಮನೆಯವಳೊಡನೆ ಎರಡು ಮಾತಾಡಿ ಬರುವಷ್ಟರಲ್ಲಿ (ಅವಳ ಎರಡು ಮಾತು ಎಷ್ಟುದ್ದವೆಂದು ಬೀದಿಗೇ ಗೊತ್ತು) ಅದು ಫ್ರಿಜ್ಜಿನ ಹಂಗಿಲ್ಲದೆ ಪಾತ್ರೆಯಲ್ಲೇ ಗಟ್ಟಿಯಾಗಿ ಕೂತಿತ್ತು. ಮತ್ತೆ ಕುದಿಸಿ ಕರಗಿಸಿ, ಸೊಸೆಗೆ ಪ್ರಾಣವಾದ ಹಸಿ ಅನಾನಸ್ ಹೋಳುಗಳನ್ನು ಹಾಕಿದಳು. ಜೆಲಟಿನ್‌ಗೆ ಆ ಹಣ್ಣನ್ನು ಹಸಿಯಾಗಿ ಹಾಕಿದರೆ ಏನು ಮಾಡಿದರೂ ಗಟ್ಟಿಯಾಗುತ್ತಿರಲಿಲ್ಲ. ಇದು ಅಚ್ಚುಕಟ್ಟಾಗಿ ಗಟ್ಟಿಯಾಯಿತು.

ಅಭ್ಯಾಸಬಲದಿಂದ ತಟ್ಟೆ ತಟ್ಟಿ ನೋಡಿದಳು. ಕುಲುಕಲೇ ಇಲ್ಲ. ಅವಳ ಮುಖ ಸಣ್ಣದಾಯಿತು. "ಇದನ್ನ ನಾನು ಮಾಡಿದ್ದು ಅಂದ್ರೆ ಯಾರು ನಂಬ್ತಾರೆ?" ಎಂದು ಗೊಣಗುತ್ತ ಫ್ರಿಜ್ಜಿಗೆ ತಳ್ಳಿ, ಕೋಣೆಗೆ ಹೋಗಿ ಅಡ್ಡಾದಳು.

ಅಡುಗೆಮನೆಯಲ್ಲಿ ಏನೋ ಸದ್ದಾಯಿತು. ಎದ್ದು ಬಂದು ಇಣುಕಿದರೆ, ಫ್ರಿಜ್ ಬಾಗಿಲು ಹಾರುಹೊಡೆದಿದೆ. ಸೊಸೆ ಅಲ್ಲೇ ನಿಂತು, ಬೆರಳಲ್ಲೇ ಎತ್ತಿ ಎತ್ತಿ ತಿನ್ನುತ್ತಿದ್ದಾಳೆ. ತಟ್ಟೆ ಅರ್ಧ ಖಾಲಿ. ಯಾರನ್ನೂ ಕೇಳಿರಲಿಲ್ಲ.

ಅತ್ತೆಯನ್ನು ಕಂಡು ಹುಡುಗಿ ಬೆಚ್ಚಿಬಿದ್ದು ಬಾಗಿಲಿಗೆ ಕೈ ಹಾಕಿದಳು. ಕುಲುಕಮ್ಮ ಆ ಕೈ ಹಿಡಿದು ತಡೆದಳು.

"ತೆರೆದೇ ಇರಲಿ ಬಿಡೇ," ಎಂದಳು. "ಇದು ಕರಗೋದಲ್ಲ. ನಿಧಾನವಾಗಿ ತಿನ್ನು."