ಕಚ್ಚಿದ ಗಿಟುಕ ಎಡಕ್ಕೆ ಹೊಳ್ಳಿತು

ಮೊನ್ನೆ ಮೊಮ್ಮಗಳು ತನ್ನ ಫೋನಿನಲ್ಲಿ ಬೌಲಿಂಗ್ ಆಟ ತೋರಿಸಿದಳು. ಹಲಗೆಯ ಉದ್ದನೆಯ ದಾರಿ, ಅದರ ತುದಿಯಲ್ಲಿ ನಿಲ್ಲಿಸಿದ ಹತ್ತು ಬಿಳಿ ಗೊಂಬೆಗಳು. ಚೆಂಡು ದಾರಿಯ ಅಂಚಿಗೇ ಹೋಯಿತು. ಇನ್ನೇನು ಕೆಳಗೆ ಬಿತ್ತು ಎನ್ನುವಾಗ ಸರಕ್ಕನೆ ಒಳಗೆ ತಿರುಗಿ ಅಷ್ಟನ್ನೂ ಕೆಡವಿತು.

"ಅಜ್ಜಿ, ಅದು ಹೆಂಗ ಹೊಳ್ತು ಹೇಳು ನೋಡೋಣ" ಎಂದು ನನ್ನನ್ನು ಪರೀಕ್ಷೆಗೆ ಕೂಡಿಸಿದಳು.

"ನುಣ್ಣಗಿದ್ದಲ್ಲಿ ಜಾರಿಕೋತ ಹೋಗತೈತಿ. ಒರಟು ಸಿಕ್ಕ ಕೂಡ್ಲೆ ಹೊಳ್ಳತೈತಿ. ಒಳಗ ಒಂದ ಕಡಿ ಭಾರ ಇರಬೇಕು" ಎಂದೆ.

ಅವಳು ಫೋನು ನೋಡಿದಳು, ನನ್ನನ್ನು ನೋಡಿದಳು. ದಾರಿಯ ಮೊದಲ ಭಾಗಕ್ಕೆ ಎಣ್ಣೆ ಸವರಿರುತ್ತಾರಂತೆ. ಚೆಂಡಿನ ಒಳಗಿನ ತೂಕ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲವಂತೆ. "ನಿನಗ ಯಾರ ಹೇಳಿದ್ರು?" ಎಂದಳು. ಯಾರೂ ಹೇಳಿರಲಿಲ್ಲ. ನನ್ನ ಹಲ್ಲು ಕಲಿಸಿತ್ತು. ಬಾಯಿಂದ ಹೇಳಿದರೆ ಅರ್ಧಕ್ಕೇ ಎದ್ದು ಹೋಗುತ್ತಾಳೆಂದು ಒಂದೇ ಬೆರಳಿನಿಂದ ಅಕ್ಷರ ಒತ್ತಿ ಬರೆಯುತ್ತಿದ್ದೇನೆ.

ಆಗ ನನಗೆ ಒಂಬತ್ತೋ ಹತ್ತೋ. ನಿಜಾಮರ ಕಾಲ. ನಮ್ಮ ಮನೆ ಇರಕಲ್ಲಗಡದಲ್ಲಿತ್ತು. ಅಕ್ಕನನ್ನು ಯಲಬುರ್ಗಾಕ್ಕೆ ಕೊಟ್ಟಿದ್ದರು. ಮದುವೆಯಾದ ಮೇಲಿನ ಮೊದಲ ಪಂಚಮಿಗೆ ಅವಳು ತವರಿಗೆ ಬಂದಿದ್ದಳು. ಹದಿನೈದು ದಿನ ಇರಲಿ ಎಂದು ಅವಳ ಅತ್ತೆಯೇ ಹೇಳಿ ಕಳಿಸಿದ್ದರು.

ಪಂಚಮಿ ಎಂದರೆ ನಮ್ಮ ಕಡೆ ಉಂಡಿ, ಜೋಕಾಲಿ, ಆಮೇಲೆ ಗಿಟುಕ. ಚಿಪ್ಪು ತೆಗೆದ ಇಡೀ ಒಣಕೊಬ್ಬರಿಗೆ ಗಿಟುಕ ಎನ್ನುತ್ತೇವೆ. ಮಕ್ಕಳಿಗೆ ತಲೆಗೊಂದು ಕೊಡುತ್ತಿದ್ದರು. ಅದನ್ನು ಅಂಗಳದಲ್ಲಿ ಉರುಳಿಸಿ, ದೂರ ಇಟ್ಟ ಕೊಬ್ಬರಿ ಬಟ್ಟಲಿಗೆ ಹೊಡೆಯಬೇಕು. ಆಟ ಮುಗಿಯುವ ತನಕ ತಿನ್ನುವ ಹಾಗಿಲ್ಲ. ನಾನು ಮೊದಲ ದಿನವೇ ಜೋಳದ ಚೀಲಗಳ ಹಿಂದೆ ಕೂತು ಒಂದು ಕಡೆ ಕಡಿದು ತಿಂದೆ.

ಮರುದಿನ ಅದು ನೆಟ್ಟಗೆ ಉರುಳಲೇ ಇಲ್ಲ. ಓಣಿಯ ಹುಡುಗಿಯರು, "ನಿನ್ನ ಗಿಟುಕ ಸೇಂದಿ ಕುಡದೈತೇನ?" ಎಂದು ನಕ್ಕರು. ಅಕ್ಕ ಮಾತ್ರ ನಗಲಿಲ್ಲ. ಕಟ್ಟೆಯ ಮೇಲೆ ಕೂತು ನೋಡುತ್ತಿದ್ದವಳು ಕೆಳಗಿಳಿದು ಬಂದಳು.

"ಕಡದ ಮಗ್ಗಲಾ ಬಲಕ್ಕ ಹಿಡದು ಬಿಡು. ಹಾಂ, ಎಡಕ್ಕ ಹೊಳ್ತು ನೋಡು. ಭಾರ ಇದ್ದ ಕಡೀಗಿ ವಾಲತೈತಿ ಅದು."

ಮೂರು ದಿನ ಇಬ್ಬರೂ ಅದನ್ನೇ ಉರುಳಿಸಿದೆವು. ಜೋರಾಗಿ ಬಿಟ್ಟರೆ ನೆಟ್ಟಗೆ ಓಡುತ್ತದೆ. ಮೆತ್ತಗೆ ಬಿಟ್ಟರೆ, ವೇಗ ಕಡಿಮೆಯಾದಂತೆ ಹೆಚ್ಚು ಹೊಳ್ಳುತ್ತದೆ. ಅಕ್ಕ ಸೆರಗು ಸಿಕ್ಕಿಸಿಕೊಂಡು ನನ್ನಷ್ಟೇ ಕೂಗುತ್ತ ಓಡುತ್ತಿದ್ದಳು. ಮದುವೆಯಾದ ಮೇಲೆ ಅವಳು ಹಾಗೆ ಓಡಿದ್ದನ್ನು ನಾನು ನೋಡಿರಲಿಲ್ಲ.

ನಾಲ್ಕನೆಯ ದಿನ ಮಾಮಾ, ಅಂದರೆ ಅಕ್ಕನ ಗಂಡ, ಬಂಡಿ ಹೂಡಿಕೊಂಡು ಬಂದೇಬಿಟ್ಟರು. "ಮನ್ಯಾಗ ಕೆಲಸ ಭಾಳ ಐತ್ರಿ. ನಾಳೆ ಮುಂಜಾನೆ ಕರಕೊಂಡು ಹೋಗ್ತೀನ್ರಿ" ಎಂದರು. ಅಳಿಯನಿಗೆ ಅಪ್ಪ ಏನು ಹೇಳಿಯಾರು, ತಲೆ ಆಡಿಸಿದರು. ಅಕ್ಕ ಒಳಗೆ ಹೋಗಿ ಗಂಟು ಕಟ್ಟಿದಳು, ಬಿಚ್ಚಿದಳು, ಮತ್ತೆ ಕಟ್ಟಿದಳು.

ಬೆಳಿಗ್ಗೆ ನಾನು ಮಾಮಾನ ಎದುರಿಗೆ ಗಿಟುಕ ಹಿಡಿದು ನಿಂತೆ.

"ಮಾಮಾ, ನಾ ಬಟ್ಟಲಾ ಹೊಡದ್ರ ಅಕ್ಕನ್ನ ಇನ್ನೂ ಎಂಟು ದಿನ ಬಿಡ್ತೀರೇನ್ರಿ?"

ಮಾಮಾ ಮೀಸೆಯಲ್ಲೇ ನಕ್ಕರು. "ಬಿಡ್ತೀನವಾ. ಆದ್ರ ಬಟ್ಟಲಾ ನಾ ಇಡಾಂವ." ಎದ್ದು ಹೋಗಿ ಬಟ್ಟಲನ್ನು ಬೇವಿನ ಮರದ ಬೊಡ್ಡೆಯ ಹಿಂದೆ ಇಟ್ಟರು. ಹೊಸ್ತಿಲಿಂದ ನೋಡಿದರೆ ಬಟ್ಟಲು ಕಾಣಿಸುವುದೇ ಇಲ್ಲ. "ಮೂರು ಸಲ ಬಿಡು. ಮರಾ ಸರಸಬ್ಯಾಡ ಮತ್ತ."

ನಾನು ಒಳಗೊಳಗೇ ಕುಣಿದೆ. ಮರದ ಬಲಕ್ಕೆ ಗುರಿ ಹಿಡಿದು, ಕಡಿದ ಮಗ್ಗುಲನ್ನು ಬಲಕ್ಕೆ ಮಾಡಿ ಬಿಟ್ಟೆ. ಗಿಟುಕ ಮರ ದಾಟಿ, ಹೊಳ್ಳದೆ ನೆಟ್ಟಗೆ ಹೋಗಿ ಎತ್ತಿಗೆ ಮೇವು ಹಾಕುವ ಗ್ವಾದಲಿಗೆ ಬಡಿಯಿತು.

ಆಗ ಕೆಳಗೆ ನೋಡಿದೆ. ಅಳಿಯ ಬಂದಿದ್ದಾನೆಂದು ಅವ್ವ ನಸುಕಿನಲ್ಲೇ ಎದ್ದು ಹೊಸ್ತಿಲಿಂದ ಮರದವರೆಗೆ ಸಗಣಿ ಸಾರಿಸಿದ್ದಳು. ನಾವು ಮೂರು ದಿನ ಉರುಳಿಸಿದ್ದು ಧೂಳಿನ ಅಂಗಳದಲ್ಲಿ. ಈಗ ಅದು ಕನ್ನಡಿಯ ಹಾಗೆ ನುಣ್ಣಗಾಗಿತ್ತು. ಗಿಟುಕ ವೇಗ ಕಳೆದುಕೊಳ್ಳದೆ ಜಾರುತ್ತಿತ್ತು.

ಗಾಬರಿಯಲ್ಲಿ ಎರಡನೆಯ ಸಲ ಗುರಿಯನ್ನೇ ಎಡಕ್ಕೆ ಹಿಡಿದು ಬಿಟ್ಟೆ. ಮರಕ್ಕೇ ಬಡಿಯಿತು.

"ಗಂಟು ತರ್ತೀಯೇನ?" ಎಂದು ಮಾಮಾ ಅಕ್ಕನ ಕಡೆ ತಿರುಗಿದರು. ಅಕ್ಕ ಬಾಗಿಲ ಹಿಂದೆ ನಿಂತಿದ್ದಳು. ನನಗೆ ಮೆಲ್ಲಗೆ ಹೇಳಿದಳು: "ಮರದ ಆಚಿ ಕಡಿ ಧೂಳ ಹಂಗ ಐತಿ. ಅಲ್ಲೀತನ ಮುಟ್ಟಿದ್ರ ಸಾಕು."

ನಾನು ಗಿಟುಕವನ್ನು ಬಾಯಿಗೆ ಇಟ್ಟು, ಕಡಿದ ಜಾಗದಲ್ಲೇ ಇನ್ನೊಂದು ದೊಡ್ಡ ತುಂಡು ಕಡಿದೆ.

"ಏ, ಆಟದ ಗಿಟುಕ ತಿಂತಾಳ ನೋಡ್ರಿ ಇಕಿ" ಎಂದಳು ಅವ್ವ.

ತುಂಬಿದ ಬಾಯಲ್ಲೇ, ಕಡಿದ ಮಗ್ಗುಲನ್ನು ಬಲಕ್ಕೆ ಮಾಡಿ, ಮತ್ತೆ ಮರದ ಬಲಕ್ಕೆ ಮೆತ್ತಗೆ ಬಿಟ್ಟೆ. ಸಾರಿಸಿದ ನೆಲದ ಮೇಲೆ ಅದು ಸುಮ್ಮನೆ ನೆಟ್ಟಗೆ ಹೋಯಿತು. ಮರ ದಾಟಿತು. ಧೂಳು ಸಿಕ್ಕಿತು, ನಿಧಾನವಾಯಿತು, ತಲೆ ವಾಲಿಸಿ ಎಡಕ್ಕೆ ಹೊಳ್ಳಿ ಕಾಣದಾಯಿತು. ಟಕ್ ಎಂಬ ಸಪ್ಪಳ ಎಲ್ಲರಿಗೂ ಕೇಳಿಸಿತು.

ಮಾಮಾ ಹೋಗಿ ಗಿಟುಕ ಎತ್ತಿಕೊಂಡು ಹಲ್ಲಿನ ಗುರುತನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಖಾಲಿ ಬಂಡಿ ಹೊಡೆದುಕೊಂಡು ಊರಿಗೆ ಹೋದರು.

ಎಂಟನೆಯ ದಿನ ಬಂದಾಗ ಅವರ ರುಮಾಲಿನಲ್ಲಿ ಒಂದು ಗಿಟುಕವಿತ್ತು. "ವಾರಾತು, ಉರುಳಿಸಾಕತ್ತೇನಿ, ನೆಟ್ಟಗ ಹೋಗತೈತಿ. ನಮ್ಮವ್ವ ನನಗ ಹುಚ್ಚು ಹಿಡದೈತಿ ಅಂತಾಳ. ಏನ್ ಮಾಡ್ತೀ ಹೇಳಿಕೊಡವಾ" ಎಂದರು. ನೋಡಿದರೆ ಸಮ ಆಗಲೆಂದು ಎರಡೂ ಕಡೆ ಕಡಿದಿದ್ದರು.

"ಇನ್ನ ನಾಕು ದಿನ ಅಕ್ಕನ್ನ ಬಿಟ್ರ ಹೇಳ್ತೀನ್ರಿ" ಎಂದೆ.

ಮಾಮಾ ಏನಾದರೂ ಹೇಳುವ ಮೊದಲೇ ಅಕ್ಕ ಹೊರಗೆ ಬಂದಳು. ಕೈಯಲ್ಲಿ ಗಂಟಿತ್ತು. ನನ್ನ ಜಡೆ ಎಳೆದು, "ಸಾಕು ಬಿಡು, ಇವರಿಗೆ ನಾನ ಕಲಸ್ತೀನಿ" ಎಂದಳು. ಗಂಡನ ಕೈಯಿಂದ ಗಿಟುಕ ಇಸಿದುಕೊಂಡು, ಅಪ್ಪ ಅವ್ವ ಇಬ್ಬರೂ ನೋಡುತ್ತಿರುವಾಗಲೇ ಒಂದು ಮಗ್ಗುಲಿಗೆ ಬಾಯಿ ತುಂಬ ಕಡಿದಳು.

"ಈಗ ಹೊಳ್ಳತೈತಿ. ನಡ್ರಿ" ಎಂದು ಬಂಡಿ ಹತ್ತಿದಳು.