ಆಕೆ ಹಿಂದಕ್ಕೆ ಯಾಕೆ ಬರುತ್ತಿರಲಿಲ್ಲ?

“ಆಕಿ ಜಾಗಾದಾಗ ನಿಲ್ಲಂಗಿಲ್ಲ ಮಾಸ್ತರ. ತಿಳದಲ್ಲಿ ತಿರಗತಾಳ. ಹಿಡದ ಹಾಕಾವ್ರ ಯಾರೂ ಇಲ್ಲ ಆಕೀನ್ನ!”

ಹೀಗಂತ ಸಂತೆಯ ದಿನ ಅಥಣಿಯ ಬಸ್ ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ ಕೂತು, ಟೇಬಲ್ ಕುಟ್ಟಿ, ಗಟ್ಟಿಯಾಗಿ ಹೇಳಿದವನು ನಾನೇ. ಹೇಳಿದ್ದು ಹಾಕಿಯ ಬಗ್ಗೆ. ಹಿಂದಿನ ಬೆಂಚಿನಲ್ಲಿ ಆ ಹುಡುಗಿಯ ಕಾಕಾ ಕೂತಿದ್ದರು.

ನನಗದು ಗೊತ್ತಿರಲಿಲ್ಲ. ಗೊತ್ತಿದ್ದರೆ ದನಿ ಇಳಿಸುತ್ತಿದ್ದೆನೇ? ಇಳಿಸುತ್ತಿದ್ದೆ. ಅಲ್ಲಿಗೆ ತಪ್ಪು ಯಾರದು ಅಂತ ನೀವೇ ತೀರ್ಮಾನಿಸಿ.

ನನ್ನ ಹಾಕಿ ಹುಚ್ಚು ಈ ಅಂಕಣ ಓದುವವರಿಗೆ ಹೊಸದಲ್ಲ. ಟಿವಿ ತುಂಬ ಕ್ರಿಕೆಟ್ ಇರುವ ಈ ಕಾಲದಲ್ಲೂ ನಮ್ಮೂರಲ್ಲಿ ಹಾಕಿ ಹಾಕಿ ಅಂತ ಬಡಿದುಕೊಳ್ಳುವ ಮೂವರಿದ್ದೇವೆ. ರಿಟೈರಾದ ಡ್ರಿಲ್ ಮಾಸ್ತರರಾದ ಕುಲಕರ್ಣಿಯವರು, ಟೈರ್ ಅಂಗಡಿಯ ಶಿಂಧೆ, ಮತ್ತು ಬ್ಯಾಂಕಿನಿಂದ ಐದಕ್ಕೆ ಬಿಡುಗಡೆಯಾಗುವ ನಾನು. ಕಾಲೇಜಿನ ಮೈದಾನದ ಪಡುವಣ ತುದಿಯಲ್ಲಿ, ಗೋಲಿನ ಹಿಂದೆ, ಬೇವಿನ ಮರಕ್ಕೊಂದು ಕಟ್ಟೆ ಇದೆ. ಮ್ಯಾಚ್ ಇದ್ದರೆ ನಾವು ಅಲ್ಲಿ. ಇಲ್ಲದಿದ್ದರೆ ಚಹಾದಂಗಡಿಯಲ್ಲಿ.

ಈ ಸೀಸನ್ ಪೂರ್ತಿ ನಮಗಿದ್ದದ್ದು ಒಂದೇ ವಿಷಯ: ಕಾಲೇಜಿನ ಹುಡುಗಿಯರ ಟೀಮಿಗೆ ಹೊಸದಾಗಿ ಬಂದ ಫಾರ್ವರ್ಡ್. ಶೇಡಬಾಳದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವ ಬಿ.ಎ. ಹುಡುಗಿ. (ಹೆಸರು ಬರೆಯುವುದಿಲ್ಲ. ಯಾಕೆ ಅಂತ ಓದುತ್ತ ಹೋದರೆ ನಿಮಗೇ ತಿಳಿಯುತ್ತದೆ.)

ಎಂಥ ಆಟ ಅಂತೀರಿ! ಚೆಂಡು ಅವಳ ಸ್ಟಿಕ್ಕಿಗೆ ಅಂಟು ಹಚ್ಚಿದಂತೆ ಹೋಗುತ್ತಿತ್ತು. ಇಬ್ಬರ ನಡುವೆ ನುಗ್ಗಿದಳೆಂದರೆ ಮೂರನೆಯವಳು ಸುಮ್ಮನೆ ದಾರಿ ಬಿಡಬೇಕು. ಒಂದೇ ತಕರಾರು. ಚೆಂಡು ಕಳೆದುಕೊಂಡರೆ ಹಿಂದಕ್ಕೆ ಬರುತ್ತಿರಲಿಲ್ಲ. ಎದುರಾಳಿಗಳು ನಮ್ಮ ಗೋಲಿಗೆ ನುಗ್ಗುತ್ತಿದ್ದರೆ ಈಕೆ ನಡುಗೆರೆಯ ಹತ್ತಿರ ಸೊಂಟಕ್ಕೆ ಕೈಯಿಟ್ಟು ನಿಂತಿರುತ್ತಿದ್ದಳು.

“ಫಾರ್ವರ್ಡ್ ಇದ್ದಾಕಿ ಮುಂದ ಇರಬೇಕ್ರಿ” ಅಂತ ಮಾಸ್ತರರು. “ಆಕೀನ್ನ ಹಿಂದ ಓಡಸಿದ್ರ ದಮ್ಮ ಅಲ್ಲೇ ಮುಗೀತೈತಿ. ಗೋಲ್ ಯಾರು ಹೊಡೀಬೇಕು?”

“ಅರೇ ಬಾಬಾ, ಇನ್ನೂ ಸಣ್ಣಾಕಿ ಅದಾಳ. ಒಂದ್ ವರ್ಷ ಬಿಡ್ರಿ, ತಾನ ಕಲೀತಾಳ” ಅಂತ ಶಿಂಧೆ.

ನಾನು ಮಾತ್ರ ಒಪ್ಪುತ್ತಿರಲಿಲ್ಲ. ಈಗಿನ ಹಾಕಿಯಲ್ಲಿ ಹನ್ನೊಂದು ಜನವೂ ಡಿಫೆನ್ಸ್ ಮಾಡಬೇಕು. ಈ ವಯಸ್ಸಿನಲ್ಲಿ ಕಲಿಯದಿದ್ದರೆ ಇನ್ಯಾವಾಗ? ಜಿಲ್ಲಾ ಟ್ರಯಲ್ಸಿನಲ್ಲಿ ಸೆಲೆಕ್ಟರುಗಳು ಮೊದಲು ನೋಡುವುದೇ ಇದನ್ನು. ಬರೀ ಸೋಮಾರಿತನ! ಹೀಗೆ ಲೆಕ್ಚರ್ ಕೊಡುತ್ತಿದ್ದೆ. ಮಾತು ಮಾತಿಗೂ ಅವಳ ಹೆಸರು, ಊರಿನ ಸಮೇತ.

ಸಂತೆಯ ದಿನ ಕುಟ್ಟಿದ್ದು ಅದೇ ಲೆಕ್ಚರಿನ ಟೇಬಲ್ಲನ್ನು.

ಮುಂದಿನ ವಾರ ಪ್ರಾಕ್ಟೀಸಿಗೆ ಅವಳಿಲ್ಲ. ಜ್ವರ ಬಂದಿರಬೇಕು ಅಂದುಕೊಂಡೆವು. ಅದರ ಮುಂದಿನ ವಾರವೂ ಇಲ್ಲ. ಬೆಳಗಾವಿಯ ಟ್ರಯಲ್ಸ್ ಹತ್ತಿರ ಬಂದಿತ್ತು. ಕೊನೆಗೆ ಕಾಲೇಜಿನ ಪಿ.ಟಿ. ಟೀಚರೇ ಕಟ್ಟೆಯತನಕ ಬಂದು ಸುದ್ದಿ ಹೇಳಿದರು. “ಆಕೀ ಕಾಕಾ ಬಂದು ಕಾಲೇಜ್ ಬಿಡಸ್ಕೊಂಡು ಹೋದ್ರಿ. ಚಾದ ಅಂಗಡ್ಯಾಗ ಏನೋ ಕೇಳಿದ್ರಂತ.” ನಮ್ಮ ಮುಖವನ್ನು ಒಂದು ಸಲ ನೋಡಿ ಹೊರಟುಹೋದರು.

ನನಗೆ ಬಂದದ್ದು ನಾಚಿಕೆಯಲ್ಲ, ಸಿಟ್ಟು. (ಪ್ರಾಮಾಣಿಕವಾಗಿ ಹೇಳುತ್ತಿದ್ದೇನೆ.) ಹಾಕಿ ಗೊತ್ತಿಲ್ಲದ ಮನುಷ್ಯ ಅಪಾರ್ಥ ಮಾಡಿಕೊಂಡು ಒಂದು ಹುಡುಗಿಯ ಆಟವನ್ನೇ ಹಾಳು ಮಾಡುವುದೆಂದರೇನು? ಹೋಗಿ ತಿಳಿಸಿ ಹೇಳಿದರಾಯಿತು. ಮರುದಿನವೇ ಮೂವರೂ ಶೇಡಬಾಳದ ಬಸ್ ಹತ್ತಿದೆವು. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಭಾಷಣ ತಯಾರಾಗುತ್ತಿತ್ತು.

ಮನೆ ಸಿಕ್ಕಿತು. ತಂದೆ ಇಲ್ಲದ ಹುಡುಗಿ. ತಾಯಿ ಹಿಟ್ಟಿನ ಗಿರಣಿ ನಡೆಸುತ್ತಾರೆ, ಕಾಕಾ ಹೊಲ ನೋಡಿಕೊಳ್ಳುತ್ತಾರೆ. ಪಡಸಾಲೆಯಲ್ಲಿ ಜಮಖಾನೆ ಹಾಸಿ ಕೂರಿಸಿದರು. ನೀರು ಕೊಟ್ಟರು. ಯಾರ ಮುಖದಲ್ಲೂ ಸಿಟ್ಟಿರಲಿಲ್ಲ.

ನಾನು ಶುರು ಮಾಡಿದೆ. ಜಾಗಾ ಅಂದರೆ ಪೊಸಿಷನ್. ಹಿಡಿದು ಹಾಕುವುದು ಅಂದರೆ ಮಾರ್ಕಿಂಗ್. ಅವಳು ತಿರುಗುತ್ತಾಳೆ ಅಂದದ್ದು ಮೈದಾನದೊಳಗೆ. ಜಮಖಾನೆಯ ಪಟ್ಟೆಗಳ ಮೇಲೆ ಬೆರಳಿಟ್ಟು, ಇದು ಅವರ ಗೋಲು, ಇದು ನಮ್ಮದು ಅಂತ ತೋರಿಸಿದೆ. ಮಾಸ್ತರರು ತಲೆಯಾಡಿಸುತ್ತಿದ್ದರು. ನನ್ನ ವಿವರಣೆ ನನಗೇ ಬಹಳ ಸೊಗಸಾಗಿ ಕಂಡಿತು.

ಕಾಕಾ ಪೂರ್ತಿ ಕೇಳಿದರು. ಆಮೇಲೆ ಮೆಲ್ಲಗೆ ಹೇಳಿದರು.

“ಆಟದ ಮಾತು ಅಂತ ನನಗ ಗೊತ್ತಾತ್ರಿ. ಅರ್ಧಾ ಕಪ್ ಚಾ ಕುಡಿಯೂದ್ರಾಗ ಗೊತ್ತಾತು. ಆದ್ರ ನನ್ನ ಬಾಜೂಕ ಇಬ್ಬರು ಹುಡುಗರು ಕುಂತಿದ್ರಲ್ಲ, ಅವ್ರಿಗೆ ಗೊತ್ತಾಗಲಿಲ್ಲ. ‘ಯಾರಲೇ ಅಕಿ, ಹಿಡದ ಹಾಕಾವ್ರಿಲ್ಲದಾಕಿ’ ಅಂತ ನಗಾಕ ಹತ್ತಿದ್ರು. ಹೆಸರು, ಊರು ಎಲ್ಲಾ ನೀವ ಹೇಳಿದ್ರಿ. ಮರುದಿನಾ ಇಕಿ ಬಸ್ಸಿಗೆ ನಿಂತಾಗ ಅದ ಹೆಸರು ಹಿಡದು ಕೂಗಿದ್ರು. ಅದರ ಮರುದಿನಾ ಇನ್ನೂ ನಾಕು ಮಂದಿ ಕೂಡಿದ್ರು.”

ನನ್ನ ಬೆರಳು ಇನ್ನೂ ಜಮಖಾನೆಯ ಪಟ್ಟೆಯ ಮೇಲೇ ಇತ್ತು. ತೆಗೆದುಕೊಂಡೆ.

“ಅದಕ್ಕ ಆಟಾ ಬಿಡಸೂದೇನ್ರಿ?” ಅಂತ ಶಿಂಧೆ ಸಣ್ಣ ದನಿಯಲ್ಲಿ ಕೇಳಿದ.

“ನಾ ಆಟಾ ಬಿಡಸಿಲ್ರಿ” ಅಂದರು ಕಾಕಾ. “ನಿಮ್ಮ ಊರು ಬಿಡಸೀನಿ. ಚಿಕ್ಕೋಡ್ಯಾಗ ಆಕೀ ಮಾವಶಿ ಅದಾಳ. ಅಲ್ಲೇ ಕಾಲೇಜಿಗೆ ಹಾಕತೀವಿ. ಟ್ರಯಲ್ಸ್ ಏನೋ ಈ ವರ್ಷದ್ದು ಹೋತು.”

ನಮ್ಮ ಊರು. ನಾನು ಹುಟ್ಟಿ ಬೆಳೆದ ಊರಿಗೆ ಇಂಥದೊಂದು ಹೆಸರು ನನ್ನಿಂದಲೇ ಬಂತಲ್ಲ!

ಅಷ್ಟರಲ್ಲಿ ಹುಡುಗಿಯೇ ಚಹಾ ತಂದಳು. ಇಡೀ ಸೀಸನ್ ನೋಡಿದ್ದೆ, ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಮೊಣಕೈ ಮೇಲೆ ಮೈದಾನದ ಗರಸುಕಲ್ಲು ಕೆತ್ತಿದ ಗಾಯ ಒಣಗಿತ್ತು. ಏನಾದರೂ ಮಾತಾಡಬೇಕಲ್ಲ ಅಂತ ನಾನು ಬಾಯಿಬಿಟ್ಟೆ. ಬಿಟ್ಟದ್ದು ಎಂಥ ಮಾತಿಗೆ ನೋಡಿ!

“ಅಲ್ಲವ್ವಾ, ಚಿಕ್ಕೋಡ್ಯಾಗರೆ ಸ್ವಲ್ಪ ಹಿಂದ ಬಂದು ಆಡು. ಅದೊಂದು ಕಲತ್ರ ನಿನ್ನ ಹಿಡ್ಯಾವ್ರಿಲ್ಲ.”

ಅವಳು ಕಪ್ಪು ಕೊಡುತ್ತಿದ್ದವಳು ನಿಂತಳು. ತಾಯಿಯ ಕಡೆ ನೋಡಿದಳು. ತಾಯಿ, ಹೇಳು ಅನ್ನುವಂತೆ ತಲೆಯಾಡಿಸಿದರು.

“ನಾ ಹಿಂದ ಬರ್ತಿದ್ನಿರಿ ಸರ್. ಎರಡನೇ ಹಾಫಿನ್ಯಾಗ ದಿನಾ ಬರ್ತಿದ್ನಿ. ನೀವು ನೋಡಿಲ್ಲ.”

“ನೋಡಿಲ್ಲ ಅಂದ್ರ?”

“ಹಾಫ್ ಟೈಮಿಗೆ ನೀವು ಚಾ ಕುಡಿಯಾಕ ಹೋಗತಿದ್ರೆಲ್ರಿ.”

ಹೌದು. ಹೋಗುತ್ತಿದ್ದೆವು. ಮೊದಲ ಹಾಫ್ ನೋಡಿ, ಬಿಸಿಬಿಸಿಯಾಗಿ ಚರ್ಚೆ ಮಾಡಲು ಚಹಾದಂಗಡಿಗೆ ನಡೆದರೆ ಮತ್ತೆ ಬರುತ್ತಿದ್ದದ್ದು ಮ್ಯಾಚ್ ಮುಗಿದ ಮೇಲೆಯೇ, ಸ್ಕೋರ್ ಕೇಳಲು.

“ಮದಲನೇ ಹಾಫಿನ್ಯಾಗ ನಮ್ಮ ಕ್ಯಾಪ್ಟನ್ ಯಾವತ್ತೂ ಬೇವಿನ ಗಿಡದ ಕಡೀ ಗೋಲ್ ಕೇಳತಿದ್ಲು, ಬಿಸಲು ಬೆನ್ನಿಗಿರಲಿ ಅಂತ. ಹಿಂದ ಬಂದ್ರ ನಿಮ್ಮ ಕಟ್ಟೀ ಬಾಯಿಗೇ ಬರಬೇಕು. ಅಲ್ಲಿ ನೀವು ಮಾತಾಡೂದೆಲ್ಲಾ ಕೇಳತಿತ್ರಿ. ‘ಸೋಮಾರಿ’ ಅಂದಿದ್ದೂ ಕೇಳೇತಿ. ನಿಮ್ಮ ಹಿಂದ ನಿಂತ ಹುಡುಗ್ರು ಅದನ್ನ ಆಡ್ಕೊಂಡು ನಗತಿದ್ರು. ಕೇಳಿ ಕೇಳಿ ಕೈಯಾಗ ಸ್ಟಿಕ್ ನಿಲ್ಲತಿರಲಿಲ್ಲ. ಅದಕ್ಕ ಆ ಕಡೀಗೆ ಬರೂದ ಬಿಟ್ಟೆ.”

ಮಾಸ್ತರರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸತೊಡಗಿದರು.

ಒಂದು ಸೀಸನ್ ಪೂರ್ತಿ ನಾವು ಹುಡುಕಿದ್ದ ಕಾರಣ ನಾವೇ ಆಗಿದ್ದೆವು. ದಮ್ಮಿನದೂ ಅಲ್ಲ, ವಯಸ್ಸಿನದೂ ಅಲ್ಲ, ಸೋಮಾರಿತನವಂತೂ ಅಲ್ಲವೇ ಅಲ್ಲ.

“ಒಂದ್ ಮಾತು ಕೇಳ್ಲಿರಿ ಸರ್?” ಅಂದಳು ಹುಡುಗಿ. “ಇಷ್ಟ್ ದಿನಾ ನನ್ನ ಆಟದ ಮ್ಯಾಲೆ ಮಾತಾಡಿದ್ರಿ. ನನಗ ಯಾಕ ಒಮ್ಮೀನೂ ಹೇಳಲಿಲ್ಲ?”

ಉತ್ತರ ನನ್ನ ಹತ್ತಿರ ಇತ್ತು. ಹುಡುಗಿಯ ಜೊತೆ ನಿಂತು ಮಾತಾಡಿದರೆ ಜನ ಏನಂದಾರು ಅಂತ. ನೋಡಿ, ಅವಳ ಜೊತೆ ಮಾತಾಡಲು ನನಗೆ ಜನರ ಹೆದರಿಕೆ. ಅವಳ ಬಗ್ಗೆ ಸಂತೆಯಲ್ಲಿ ಮಾತಾಡಲು ಇರಲಿಲ್ಲ! ಈ ಉತ್ತರವನ್ನು ಆ ಮನೆಯಲ್ಲಿ ಬಾಯಿಬಿಟ್ಟು ಹೇಳಲಾಗಲಿಲ್ಲ. “ತಪ್ಪಾತವ್ವಾ” ಅಂದೆ. ಅದು ಅವಳಿಗೆ ಕೇಳಿಸಿತೋ ಇಲ್ಲವೋ.

ಏಳಲು ಹೊರಟಾಗ ತಾಯಿ ಬಿಡಲಿಲ್ಲ. “ನಾವು ಜೈನರ್ರಿ, ಹೊತ್ತು ಮುಳಗಿದ ಮ್ಯಾಲೆ ನಮ್ಮಲ್ಲಿ ಊಟ ಇಲ್ರಿ. ಈಗ ಒಂದೊಂದು ರೊಟ್ಟಿ ತಿಂದ ಹೋಗ್ರಿ” ಅಂದರು. ತಿಂದೆವು. ಯಾರಾದರೂ ಬೈದು ಕಳಿಸಿದ್ದರೆ ಇದಕ್ಕಿಂತ ಹಗುರಾಗಿ ಬಸ್ ಹತ್ತುತ್ತಿದ್ದೆವು.

ಅಲ್ಲಿಂದೀಚೆಗೆ ನಾವು ಕಟ್ಟೆಯ ಮೇಲೆ ಕೂರುವುದನ್ನು ಬಿಟ್ಟಿದ್ದೇವೆ. ಹೆಂಡತಿ ಕೇಳಿದ್ದಕ್ಕೆ ಮೊಣಕಾಲು ನೋವು ಅಂತ ಸುಳ್ಳು ಹೇಳಿದೆ.

ಮೊನ್ನೆ ಭಾನುವಾರ ಚಿಕ್ಕೋಡಿಯ ಟೀಮು ನಮ್ಮ ಮೈದಾನಕ್ಕೆ ಬಂತು. ಹೋಗಬಾರದು ಅಂತ ಮೂವರೂ ಮಾತಾಡಿಕೊಂಡಿದ್ದೆವು. ಸೈಕಲ್ ಸ್ಟ್ಯಾಂಡಿನ ಹತ್ತಿರ ಮೂವರೂ ಒಬ್ಬರಿಗೊಬ್ಬರು ಸಿಕ್ಕಿಬಿದ್ದೆವು.

ಅವಳು ಚಿಕ್ಕೋಡಿಯ ನೀಲಿ ಅಂಗಿಯಲ್ಲಿದ್ದಳು. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ನಮ್ಮ ಹುಡುಗಿಯೊಬ್ಬಳು ಚೆಂಡು ಹಿಡಿದು ಅವರ ಗೋಲಿಗೆ ನುಗ್ಗಿದಳು. ಇವಳು ನಡುಗೆರೆಯಿಂದ ಹಿಂತಿರುಗಿ ಓಡಿದಳು. ಎಂಥ ಓಟ! ಸರ್ಕಲ್ಲಿನ ಅಂಚಿನಲ್ಲಿ ಬಗ್ಗಿ, ಸ್ಟಿಕ್ ನೆಲಕ್ಕೆ ಮಲಗಿಸಿ, ಚೆಂಡನ್ನು ಹೂವಿನಂತೆ ಎತ್ತಿಕೊಂಡಳು. ಅಲ್ಲಿಂದ ಇಬ್ಬರನ್ನು ದಾಟಿ ಪಾಸ್ ಕೊಟ್ಟಳು. ಗೋಲ್!

ನಮ್ಮೂರಿನವರು ಯಾರೂ ಚಪ್ಪಾಳೆ ತಟ್ಟಲಿಲ್ಲ. ಎದುರಾಳಿಯ ಗೋಲಿಗೆ ಯಾರು ತಟ್ಟುತ್ತಾರೆ? “ನೋಡಿದ್ರೇನ್ರಿ, ಹ್ಯಾಂಗ ಹಿಂದ ಬಂದ್ಲು!” ಅಂತ ಮಾಸ್ತರರು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. “ಜೋರಾಗಿ ಹೇಳ್ರಿ ಮಾಸ್ತರ” ಅಂದೆ. ಅವರು ಸುತ್ತ ನೋಡಿ ಸುಮ್ಮನಾದರು. ನಾನೂ ಸುಮ್ಮನಾದೆ.

ಆ ದಿನ ಚಹಾಕ್ಕೆ ಹೋಗದೆ ಕೊನೆಯತನಕ ನಿಂತೆವು. ಮ್ಯಾಚ್ ಮುಗಿದ ಮೇಲೆ ಅವಳು ನಳದ ನೀರಿಗೆಂದು ನಮ್ಮ ಮುಂದೆಯೇ ಹಾದುಹೋದಳು. ನಿಂತು, “ಆರಾಮ ಅದೀರೆನ್ರಿ ಸರ್?” ಅಂತ ಕೇಳಿದಳು. ಮೂವರೂ “ಹ್ಞೂಂ” ಅಂದೆವು. ಚೊಲೋ ಆಡಿದೆಯವ್ವ ಅನ್ನುವ ಮಾತು ಮೂವರ ಗಂಟಲಲ್ಲೂ ಇತ್ತು. ಒಬ್ಬರೂ ಹೊರಗೆ ಹಾಕಲಿಲ್ಲ. ಅವಳು ಒಂದು ಕ್ಷಣ ಕಾದಳು, ಆಮೇಲೆ ಹೋದಳು.

ಎದುರಿಗೆ ನಿಂತು ಹೊಗಳಬೇಕಾದ ಹೊತ್ತಿಗೆ ಮಾತ್ರ ನಮ್ಮ ಬಾಯಿ ಇಷ್ಟೊಂದು ಮರ್ಯಾದಸ್ಥ ಯಾಕಾಗುತ್ತದೆ?